ಟಿಕ್ ತೆಗೆದ ಮೇಲೆ

ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವರ ಬರಿಗಾಲು. ತೊಂಬತ್ತರ ದಶಕದಲ್ಲಿ ಮೈಸೂರಿನ ಯಾವ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟೇ ಒಳಗೆ ಕಾಲಿಡಬೇಕಿತ್ತು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆಂಬ ಭಯ. ಅಂಥದ್ದೊಂದು ಕೇಂದ್ರದಲ್ಲಿ ಅವರು ಬಹಳ ವರ್ಷ ಪಾಠ ಹೇಳಿದ್ದರು. ಆ ಕೇಂದ್ರ ಮುಚ್ಚಿತು, ಕಂಪ್ಯೂಟರುಗಳು ಬೇಕರಿಗೂ ಔಷಧಿ ಅಂಗಡಿಗೂ ಬಂದವು, ಧೂಳಿನ ಭಯ ಎಲ್ಲರಿಗೂ ಮರೆತುಹೋಯಿತು. ಇವರು ಮಾತ್ರ ಮೇಜಿನ ಕೆಳಗೆ ಚಪ್ಪಲಿ ಕಳಚಿ, ಎರಡೂ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿಯೇ ಕೆಲಸ ಶುರುಮಾಡುತ್ತಿದ್ದರು. ಯಾಕೆ ಮೇಡಂ ಎಂದು ಕೇಳಿದ್ದಕ್ಕೆ, "ಕಾಲು ಬಿಸಿ ಆದ್ರೆ ತಲೆ ಓಡಲ್ಲ ಕಣಪ್ಪ. ನೀನೂ ಒಂದಿನ ಬಿಟ್ಟು ನೋಡು" ಎಂದಿದ್ದರು. ಬಿಟ್ಟು ನೋಡಿದೆ. ನನ್ನ ತಲೆ ಹಾಗೂ ಓಡಲಿಲ್ಲ, ಹೀಗೂ ಓಡಲಿಲ್ಲ.

ಅವರು ತೀರಿಕೊಂಡ ಸುದ್ದಿ ಹೇಳಿದವರು ನಮ್ಮ ಹಳೆಯ ಯಜಮಾನರು. "ಮೇಡಮ್ಮೋರು ಓಗ್ಬುಟ್ರಂತೆ ಕಣಯ್ಯ" ಎಂದು ಫೋನಿನಲ್ಲಿ ಹೇಳಿದರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ "ನನ್ನ ಕೇಳಿದ್ಯೇನಪ್ಪ?" ಎಂದು ಎದ್ದು ಬಂದಾರು ಎಂಬ ಅಂಜಿಕೆ ಇನ್ನೂ ಇದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಫೀಸೆಂದರೆ ವಧೂವರರ ಮಾಹಿತಿ ಕೇಂದ್ರ. ಯಜಮಾನರು ಟಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು, ದೊಡ್ಡ ದನಿ, ದೊಡ್ಡ ಮೀಸೆ. ದಪ್ಪ ದಪ್ಪ ಆಲ್ಬಮ್ಮುಗಳಲ್ಲಿ ಹುಡುಗ ಹುಡುಗಿಯರ ಫೋಟೋ ಅಂಟಿಸಿಟ್ಟುಕೊಂಡು ವರ್ಷಗಟ್ಟಲೆ ಸಂಬಂಧ ಕುದುರಿಸಿದ್ದವರಿಗೆ ಇದ್ದಕ್ಕಿದ್ದಂತೆ ಇಂಟರ್ನೆಟ್ಟಿನ ಹುಚ್ಚು ಹತ್ತಿತು. ಮದುವೆ ಕಾರ್ಡು ಡಿಸೈನ್ ಮಾಡಿಕೊಂಡಿದ್ದ ನನ್ನನ್ನು ಪುಟದ ಅಂದಚಂದಕ್ಕೆ ಕರೆದರು. ಪುಟದ ಹಿಂದಿನ ಕೆಲಸಕ್ಕೆ, ಅಂದರೆ ಜನ ತುಂಬಿ ಕಳಿಸಿದ್ದನ್ನು ಸರ್ವರಿನಲ್ಲಿ ಬರಮಾಡಿಕೊಂಡು ಸರಿಯಾದ ಜಾಗದಲ್ಲಿ ಇಡುವ ಪ್ರೋಗ್ರಾಂ ಬರೆಯುವುದಕ್ಕೆ, ಮೇಡಂ ಅವರನ್ನು ಕರೆದರು. ಆಗ ಅವರಿಗೆ ನಲವತ್ತರ ಹತ್ತಿರ.

ಯಾವುದನ್ನೂ ಅದರ ಪಾಡಿಗೆ ಬಿಡುವ ಜನವಲ್ಲ. ಕೆಳಗಿನ ಬೇಕರಿಯಲ್ಲಿ ಒಮ್ಮೆ ಬನ್ನುಗಳ ನೆತ್ತಿ ಬಿರುಕು ಬಿಡುತ್ತಿತ್ತು. ಯಾಕಿರಬಹುದೆಂದು ನೋಡಿಬರುತ್ತೇನೆಂದು ಇಳಿದು ಹೋದವರು ಮಧ್ಯಾಹ್ನದ ಊಟದ ಹೊತ್ತಿಗೆ ಸೀರೆ ತುಂಬ ಮೈದಾ ಮಾಡಿಕೊಂಡು ಬಂದರು. ಕಾರಣ ಸಿಕ್ಕಿತೇ ಎಂದರೆ, "ಇಲ್ಲ, ಆದ್ರೆ ಓವನ್ ಒಳಗೆ ಹೆಂಗಿರುತ್ತೆ ಅಂತ ನೋಡಿದೆ" ಎಂದು ಹಬ್ಬ ಮಾಡಿದವರಂತೆ ನಗುತ್ತಿದ್ದರು. ಇನ್ನೊಂದು ಗುಣವಿತ್ತು. ಮಗಳ ಫೋಟೋ ತಂದ ತಾಯಂದಿರು ನನ್ನ ಕಿವಿಯ ಹತ್ತಿರ ಬಂದು, ಮುಖ ಸ್ವಲ್ಪ ಬೆಳ್ಳಗೆ ಮಾಡಪ್ಪ ಎನ್ನುತ್ತಿದ್ದರು. ನಾನು ಮಾಡಲು ಹೊರಟರೆ ಆಚೆ ಮೇಜಿನಿಂದ ದನಿ ಬರುತ್ತಿತ್ತು: "ಹುಡುಗಿ ಹೇಳಿದ್ಲಾ?" ತಾಯಿ ಮುಖ ಗಂಟು ಹಾಕಿಕೊಂಡರೆ ಯಜಮಾನರು ನನ್ನನ್ನು ನೋಡಿ ಕಣ್ಣು ಬಿಡುತ್ತಿದ್ದರು, ನಾನೇ ಕೇಳಿದೆನೇನೋ ಎಂಬಂತೆ.

ಅವರ ತಂದೆ ಒಂದು ಮಠದ ದಾಸೋಹದಲ್ಲಿ ಅಡುಗೆ ಮತ್ತು ಬಡಿಸುವ ಉಸ್ತುವಾರಿ ನೋಡಿಕೊಂಡಿದ್ದವರು. ಲಂಗ ತೊಡುವ ವಯಸ್ಸಿನಿಂದಲೇ ಇವರೂ ಸಾಲಿನಲ್ಲಿ ಪಲ್ಯ ಬಡಿಸಿದವರು. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಯೋಚಿಸುತ್ತ ನಿಂತರೆ ಸಾರು ಆರಿಹೋಗುತ್ತದೆ, ಕೂತವರನ್ನು ನೋಡಿಕೊಂಡು ಮುಂದೆ ಹೋಗುತ್ತಿರು ಎಂದು ತಂದೆ ಕಲಿಸಿದ್ದರಂತೆ. ತಮ್ಮ ಪ್ರೋಗ್ರಾಮನ್ನೂ ಅವರು ಹಾಗೆಯೇ ಬರೆದಿದ್ದರು. ಜನ ಪುಟದಲ್ಲಿ ಹೆಸರು, ಎತ್ತರ, ಓದು, ಕೆಲಸ ಎಂದು ತುಂಬಿ 'ಉಳಿಸು' ಒತ್ತಿದರೆ ಸರ್ವರಿಗೆ ಏನೇನು ಬಂದಿದೆಯೋ ಅದನ್ನೆಲ್ಲ ಸಾಲಾಗಿ ಹಿಡಿದುಕೊಂಡು ಹೋಗಿ ಒಂದೊಂದನ್ನೂ ಅದರದರ ಜಾಗಕ್ಕೆ ಹಾಕುವ ನಾಲ್ಕೇ ಸಾಲಿನ ಚಿಕ್ಕ ಪ್ರೋಗ್ರಾಂ. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ 'ಬಡಿಸು' ಎಂದೇ ಹೆಸರಿಟ್ಟಿದ್ದರು. ಹೊಸ ಪ್ರಶ್ನೆ ಸೇರಿಸಿದರೂ ಅದನ್ನು ಮುಟ್ಟಬೇಕಾಗಿರಲಿಲ್ಲ. ಬಂದವರಿಗೆಲ್ಲ ತಾನೇ ಬಡಿಸಿಕೊಂಡು ಹೋಗುತ್ತಿತ್ತು. ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ನನಗೆ ಅರ್ಥವಾಗದಿದ್ದರೂ ದಿನಕ್ಕೊಮ್ಮೆ ಕರೆದು ತೋರಿಸುತ್ತಿದ್ದರು.

ಮದುವೆಯಾಗಿ ದಾವಣಗೆರೆ ಕಡೆ ಕೆಲವು ವರ್ಷ ಸಂಸಾರ ಮಾಡಿ, ಆಗದೆ ಬಿಟ್ಟು ಬಂದಿದ್ದರು. ಬೋಗಾದಿಯಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಅದನ್ನೇನೂ ಮುಚ್ಚಿಡುತ್ತಿರಲಿಲ್ಲ. "ಮದುವೆ ಮಾಡ್ಸೋ ಆಫೀಸಲ್ಲಿ ಮದುವೆ ಬಿಟ್ಟೋಳು ಕೂತಿದ್ದೀನಿ, ಗಿರಾಕಿಗಳಿಗೆ ಹೇಳ್ಬೇಡಿ ಸರ್" ಎಂದು ಯಜಮಾನರಿಗೆ ತಾವೇ ತಮಾಷೆ ಮಾಡುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಆಫೀಸಿಗೆ ಒಬ್ಬ ಹುಡುಗಿ ಬಂದಳು. ಉದಯಗಿರಿ ಕಡೆಯವಳು. ತಂದೆಗೆ ಅಲ್ಲಿ ಸ್ಕೂಟರ್ ರಿಪೇರಿ ಅಂಗಡಿ, ಇವಳು ಒಂದು ಶಾಲೆಯಲ್ಲಿ ಟೀಚರು. ಕೂರಿ ಎಂದರೆ ಕೂರಲಿಲ್ಲ.

"ನನಗೆ ನಿಶ್ಚಿತಾರ್ಥ ಆಗಿದೆ ಸರ್. ಫೋಟೋ ಕಾಣೋದು ಬೇಡ ಅಂತ ಸೈಬರ್‌ಗೆ ಹೋಗಿ ಟಿಕ್ ತೆಗ್ದೆ. ಹೋಗ್ಲಿಲ್ಲ. ಮತ್ತೆ ಹೋಗಿ ತೆಗ್ದೆ. ಇನ್ನೂ ಹಂಗೇ ಇದೆ. ನಿನ್ನೆ ಹುಡುಗನ ಚಿಕ್ಕಪ್ಪ ಎಲ್ಲೋ ನೋಡಿದ್ರಂತೆ. ಇನ್ನೂ ಬೇರೆ ಗಂಡು ಹುಡುಕ್ತಾ ಇದ್ದೀರಾ ಅಂತ ನಮ್ಮಪ್ಪನ್ನ ಕೇಳಿದ್ರಂತೆ." ಅಲ್ಲಿಗೆ ಅವಳ ದನಿ ಒಡೆಯಿತು. "ಮದುವೆ ನಿಂತೋಗುತ್ತೆ ಸರ್."

ನಮ್ಮ ಪುಟದಲ್ಲಿ 'ನನ್ನ ಫೋಟೋ ಎಲ್ಲರಿಗೂ ತೋರಿಸಬಹುದು' ಎಂಬ ಸಾಲಿನ ಮುಂದೆ ಒಂದು ಪುಟ್ಟ ಚೌಕ ಇತ್ತು. ಒತ್ತಿದರೆ ಟಿಕ್ ಬೀಳುವ, ಮತ್ತೆ ಒತ್ತಿದರೆ ಹೋಗುವ ಚೆಕ್‌ಬಾಕ್ಸು. ಅವಳು ಹೇಳಿದ್ದು ಅದರ ವಿಷಯ.

"ನೀ ಸರ್ಯಾಗಿ ತೆಗ್ದಿರಾಕಿಲ್ಲ ಬುಡು ಕಣವ್ವ," ಎಂದರು ಯಜಮಾನರು.

ಮೇಡಂ ಎದ್ದು ತಮ್ಮ ಕುರ್ಚಿಯಲ್ಲಿ ಹುಡುಗಿಯನ್ನು ಕೂರಿಸಿದರು. "ನನ್ ಕಣ್ಣೆದುರಿಗೇ ತೆಗಿಯಮ್ಮ." ಅವಳು ಟಿಕ್ ತೆಗೆದಳು, ಉಳಿಸು ಒತ್ತಿದಳು. ಎಲ್ಲ ಸರಿಯಾಗಿದೆ ಎಂಬ ಸಂದೇಶವೂ ಬಂತು. ಪುಟವನ್ನು ಮತ್ತೆ ತೆರೆದರೆ ಟಿಕ್ ತನ್ನ ಜಾಗದಲ್ಲಿ ಆರಾಮವಾಗಿ ಕೂತಿತ್ತು. ಮೇಡಂ ಮೊದಲು ಹುಬ್ಬೇರಿಸಿದರು. ಯಾಕಿರಬಹುದು ಎನ್ನುವಾಗಿನ ಅವರ ಆ ಮುಖ ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಮುಖ ಕಪ್ಪಿಟ್ಟಿತು. ಹುಡುಗಿಯ ಫೋಟೋವನ್ನು ತಾವೇ ಕೈಯಾರೆ ಅಳಿಸಿಹಾಕಿ, "ತಪ್ಪು ನಿಂದಲ್ಲ ಕಣಮ್ಮ, ನಂದು. ಒಂದು ಗಂಟೆ ಇಲ್ಲೇ ಕೂತಿರು" ಎಂದರು.

ಆಮೇಲೆ ಸರ್ವರಿಗೆ ಬಂದು ಬೀಳುವುದನ್ನೆಲ್ಲ ಹಾಗೆಹಾಗೆಯೇ ಪರದೆಯ ಮೇಲೆ ಸುರಿಯುವಂತೆ ಮಾಡಿದರು. ಟಿಕ್ ಇಟ್ಟು ಕಳಿಸಿದರೆ ಹೆಸರು ಬಂತು, ಎತ್ತರ ಬಂತು, ಕೆಲಸ ಬಂತು, ಫೋಟೋ ಹೌದು ಎಂದೂ ಬಂತು. ಟಿಕ್ ತೆಗೆದು ಕಳಿಸಿದರೆ ಹೆಸರು, ಎತ್ತರ, ಕೆಲಸ ಬಂದವು. ಅಷ್ಟೆ. ಫೋಟೋ ಎಂಬ ಸಾಲೇ ಇಲ್ಲ.

"ನೋಡಪ್ಪ ಇಲ್ಲಿ," ಎಂದು ನನ್ನ ತೋಳು ಹಿಡಿದು ಎಳೆದರು. ಬೇಸರ, ಬೆರಗು ಎರಡೂ ಆ ದನಿಯಲ್ಲಿದ್ದವು. "ಟಿಕ್ ತೆಗೆದ್ರೆ 'ಇಲ್ಲ' ಅಂತ ಬರುತ್ತೆ ಅಂದ್ಕೊಂಡಿದ್ದೆ. 'ಇಲ್ಲ' ಅಂತಾನೂ ಬರಲ್ಲ ಕಣೋ. ಏನೂ ಬರೋದೇ ಇಲ್ಲ! ನನ್ನ ಬಡಿಸು ಬಂದೋರಿಗೆ ಮಾತ್ರ ತಾನೇ ಬಡಿಸೋದು? ಬರ್ದೇ ಇದ್ದಿದ್ದರ ಹತ್ರ ಹೋಗೋದೇ ಇಲ್ಲ. ಹಳೇ 'ಹೌದು' ಹಂಗೇ ಕೂತಿರುತ್ತೆ. ಇದು ಹಿಂಗೆ ಅಂತ ಯಾರ್ ಮಾಡಿದ್ರೋ, ಯಾಕ್ ಮಾಡಿದ್ರೋ!"

ಹೌದು ಎನ್ನಬಹುದು, ಅಂದ ಹೌದನ್ನು ವಾಪಸು ಪಡೆಯುವಂತಿಲ್ಲ. ನಮ್ಮ ಪುಟ ಅಷ್ಟು ತಿಂಗಳು ಹಾಗೆ ನಡೆದಿತ್ತು. ಟಿಕ್ ಹಾಕಿ ಪರೀಕ್ಷೆ ಮಾಡಿದ್ದರು, ತೆಗೆದು ನೋಡಿರಲಿಲ್ಲ.

ಸರಿಮಾಡಲು ಹೊರಟರೆ ಅದೂ ಸಲೀಸಾಗಿರಲಿಲ್ಲ. ಚೌಕ ಬರದಿದ್ದರೆ 'ಇಲ್ಲ' ಎಂದು ಬರೆದುಕೊ ಎಂದು ಪ್ರೋಗ್ರಾಮಿಗೆ ಹೇಳಿದರು. ನಾನು ಪರೀಕ್ಷೆಗೆಂದು ಇನ್ನೊಂದು ಪುಟಕ್ಕೆ ಹೋಗಿ ಬರೀ ಫೋನ್ ನಂಬರ್ ಬದಲಾಯಿಸಿದೆ. ಫೋಟೋ ಮಾಯ! ಆ ಪುಟದಲ್ಲಿ ಚೌಕವೇ ಇರಲಿಲ್ಲ, ಬರುವುದಾದರೂ ಎಲ್ಲಿಂದ? ಮೇಡಂ ಚಪ್ಪಾಳೆ ತಟ್ಟಿ ನಕ್ಕುಬಿಟ್ಟರು. "ಎಲೆ ಖಾಲಿ ಇರೋದೇ ಬೇರೆ, ಎಲೆನೇ ಹಾಕ್ದೆ ಇರೋದೇ ಬೇರೆ ಅಲ್ವೇನೋ!" ಎಂದು, ಚೌಕದ ಜೊತೆಗೆ ಯಾರ ಕಣ್ಣಿಗೂ ಕಾಣದ ಇನ್ನೊಂದು ಗುರುತನ್ನು ಪುಟದಲ್ಲಿ ಸೇರಿಸಿದರು. ಟಿಕ್ ಇರಲಿ ಬಿಡಲಿ ಆ ಗುರುತು ಸರ್ವರಿಗೆ ಬಂದೇ ಬರುತ್ತದೆ. ಗುರುತು ಬಂದು ಟಿಕ್ ಬರದಿದ್ದರೆ, ಎಲೆ ಹಾಕಿದೆ, ಕೂತವರು ಬೇಡ ಎಂದಿದ್ದಾರೆ ಎಂದರ್ಥ. ಗುರುತೇ ಬರದಿದ್ದರೆ ಆ ಪ್ರಶ್ನೆಯನ್ನೇ ಕೇಳಿಲ್ಲ, ಮುಟ್ಟಬೇಡ. ನನಗೆ ಅವರ ಪ್ರೋಗ್ರಾಮಿನಲ್ಲಿ ಅರ್ಥವಾದದ್ದು ಇದೊಂದೇ, ಇವತ್ತಿಗೂ ಮರೆತಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತು, ಹುಡುಗಿಯನ್ನೂ ಅಂಗಡಿಯಿಂದ ಕರೆಸಿದ ಅವಳ ತಂದೆಯನ್ನೂ ಆಟೋದಲ್ಲಿ ಹೊರಡಿಸಿಕೊಂಡು, ಬೋಗಾದಿಯಲ್ಲಿದ್ದ ಹುಡುಗನ ಮನೆಗೆ ಹೋದರು. ಹೊಸ ಬಡಾವಣೆ, ಎದುರಿಗೇ ಜಲ್ಲಿ ರಾಶಿ. ಒಳಗೆ ಕುರ್ಚಿ ಕೊಟ್ಟರು, ಕಾಫಿ ಕೊಡಲಿಲ್ಲ. ಚಿಕ್ಕಪ್ಪ ಎನ್ನುವವರು ಕಾಲ ಮೇಲೆ ಕಾಲು ಹಾಕಿಕೊಂಡು, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ನಮಗೇ ಪಾಠ ಮಾಡಿದರು. ಹುಡುಗಿಯ ತಂದೆ ಗ್ರೀಸ್ ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಲೇ ನಿಂತಿದ್ದರು.

ಮೇಡಂ ಚಿಕ್ಕಪ್ಪನ ಕಡೆ ತಿರುಗಲೇ ಇಲ್ಲ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹುಡುಗನ ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು.

"ಊಟಕ್ಕೆ ಕೂತಾಗ ಸಾರು ಸಾಕು ಅನ್ಸಿದ್ರೆ ಏನ್ ಮಾಡ್ತೀರ ಅಜ್ಜಿ?"

"ಎಲೆ ಮ್ಯಾಲೆ ಕೈ ಅಡ್ಡ ಇಡೀತೀನಿ."

"ಈ ಮಗು ಹಂಗೇ ಕೈ ಅಡ್ಡ ಹಿಡಿದಿದ್ಲು. ಬಡಿಸೋಳು ನಾನು, ನೋಡ್ಲಿಲ್ಲ. ಸುರಿದ್ಬುಟ್ಟೆ. ಎಲೆ ತುಂಬ ಸಾರಾಯ್ತು ಅಂತ ಅವಳನ್ನ ಬೈದ್ರೆ ಹೆಂಗೆ?"

ಅಜ್ಜಿ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. "ಮೂದೇವಿ, ಕಾಪಿ ಮಾಡ್ಬಾರ್ದಾ, ಬೀಗ್ರು ಬಂದವ್ರೆ," ಎಂದು ಒಳಗಿನ ಸೊಸೆಗೆ ಕೂಗಿದರು. ಅಲ್ಲಿಗೆ ಚಿಕ್ಕಪ್ಪನ ಕಾಲು ಕೆಳಗಿಳಿಯಿತು. ಆ ಮದುವೆ ನಡೆಯಿತು. ನಾವು ಉಂಡು ಬಂದೆವು.

ಆದರೆ ಮೇಡಂ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಈ ಹುಡುಗಿ ತಾನೇ ಬಂದು ಹೇಳಿದಳು, ಗೊತ್ತಾಯಿತು. ಟಿಕ್ ತೆಗೆದು, ತೆಗೆದೆನೆಂದು ನಂಬಿಕೊಂಡು ಮನೆಯಲ್ಲಿ ಸುಮ್ಮನಿರುವವರು ಎಷ್ಟು ಜನವೋ. ಅವರು ಯಾರೆಂದು ಕಂಡುಹಿಡಿಯುವ ದಾರಿಯೇ ಇಲ್ಲ. ಬೇಡವೆಂದದ್ದು ಎಲ್ಲೂ ದಾಖಲಾಗಿಲ್ಲ, ಎಲ್ಲರ ಹೆಸರಿನ ಮುಂದೂ ಒಂದೇ ಥರದ 'ಹೌದು'. ಯಜಮಾನರ ಮುಂದೆ ನಿಂತು ಹೇಳಿಬಿಟ್ಟರು: ಎಲ್ಲರ ಫೋಟೋವನ್ನೂ ಇವತ್ತೇ ಮುಚ್ಚಬೇಕು, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ, ಹೌದೆಂದವರದ್ದನ್ನು ಮಾತ್ರ ತೆರೆಯಬೇಕು.

"ಎಲ್ಲಾ ಮುಚ್ಬುಟ್ರೆ ನಾನು ಅಂಗಡಿ ಬಾಗ್ಲು ಎಳ್ಕಂಡು ಊರಿಗೋಗ್ಬೇಕಾಯ್ತದೆ ಮೇಡಮ್ಮೋರೆ! ಫೋಟೋ ಇಲ್ದಿದ್ರೆ ಯಾವನ್ ಬತ್ತನೆ ನಮ್ತಾವ್ಕೆ? ಬೇಡ ಅನ್ನೋರು ತಾವೇ ಬಂದು ಯೋಳ್ತರೆ. ಯೋಳ್ನಿಲ್ಲ ಅಂದ್ರೆ ಒಪ್ಗೆ ಅಂತ ತಾನೆ?"

"ಹಂಗೇ ಅಂತ ಹೆಂಗ್ ಗೊತ್ತು ಸರ್?" ಎಂದರು ಮೇಡಂ. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ದನಿ.

ಯಜಮಾನರು ಯೋಚಿಸಲು ಕಾಲಾವಕಾಶ ಕೇಳಿದರು. ಆ ದಿನಗಳಲ್ಲಿ ಮೇಡಂ ಹೊಸದೊಂದು ಹುಚ್ಚು ಹಚ್ಚಿಕೊಂಡರು. ಏನೂ ಹೇಳದೆ ಸುಮ್ಮನಿದ್ದರೆ ಜನ ಅದನ್ನು ಏನೆಂದು ತಿಳಿಯುತ್ತಾರೆ ಎಂದು ಪರೀಕ್ಷೆ ಮಾಡುವುದು. ನಾನೂ ಜೊತೆಗೆ. ಹೋಟೆಲಿನಲ್ಲಿ ಮಾಣಿ ಬಂದು ಏನು ಬೇಕೆಂದರೆ ಇವರು ಅವನ ಮುಖ ನೋಡುತ್ತ ಸುಮ್ಮನೆ ಕೂತರು. ಅವನು ಮೇಜು ಒರೆಸಿದ, ನೀರಿಟ್ಟ, ಕೊನೆಗೆ ದಿನವೂ ಕುಡಿಯುವ ಕಾಫಿಯನ್ನೇ ತಂದಿಟ್ಟು ಹೋದ. ಆಟೋ ಹತ್ತಿ ಬಾಯಿ ಬಿಡದೆ ಕೂತರೆ ಅವನು ಎಂಜಿನ್ ಆರಿಸಿ, "ಎಲ್ಲಿಗೆ ಅಂತ ಹೇಳ್ರೀ, ಇಲ್ಲಾಂದ್ರೆ ಇಳೀರಿ ಮೇಡಂ" ಎಂದ. ಸೊಪ್ಪಿನವಳು ಬೆಲೆ ಹೇಳಿದಾಗ ಮಾತಾಡದೆ ನಿಂತರೆ ಅವಳಾಗಿಯೇ ಬೆಲೆ ಇಳಿಸಿದಳು. ನಾನು ನಾಚಿಕೆಯಿಂದ ಕಂಬದ ಹಿಂದೆ ನಿಲ್ಲುತ್ತಿದ್ದೆ. ಅವರಿಗೆ ಮಾತ್ರ ಖುಷಿಯೋ ಖುಷಿ. "ನೋಡ್ದಾ? ಸುಮ್ನಿದ್ದಿದ್ದು ನಾನು ಒಂದೇ ಥರ. ಒಬ್ಬ ಹೌದು ಅಂದ್ಕೊಂಡ, ಒಬ್ಬ ಗೊತ್ತಿಲ್ಲ ಅಂದ, ಅವಳು ಬೇಡ ಅಂದ್ಕೊಂಡ್ಲು. ಅರ್ಥ ಎಲ್ಲಾ ಕೇಳಿಸ್ಕೊಳ್ಳೋರ ಹತ್ರನೇ ಇದೆ ಕಣೋ."

ಇದನ್ನೇ ಯಜಮಾನರಿಗೂ ಹೇಳಿದರು. ಅವರಿಗೆ ಎಷ್ಟು ಅರ್ಥವಾಯಿತೋ. ಕೆಲಸ ಬಿಟ್ಟು ಹೋಗುತ್ತೇನೆಂದು ಮೇಡಂ ಹೇಳಿದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ಫೋಟೋಗಳನ್ನೆಲ್ಲ ಮುಚ್ಚಿದೆವು. ಪುಟ ಬಣಬಣ ಎನ್ನತೊಡಗಿತು. ಯಜಮಾನರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಮೇಡಂ ಮಾಡುವ ಒಂದೊಂದು ಫೋನಿಗೂ ಒಂದೊಂದು ನಿಟ್ಟುಸಿರು ಬಿಟ್ಟರು. ಹೆಚ್ಚಿನವರು ಹೌದೆಂದೇ ಹೇಳಿದರು. ಕೆಲವರು ಬೈದರು. ಉತ್ತರಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಹಳೆಯ ಫೋನು, ಆ ಕಡೆಯವರ ಮಾತು ಪಕ್ಕದವರಿಗೂ ಕೇಳಿಸುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಒಂದು ಮನೆಯಲ್ಲಿ ತಂದೆಯೇ ಫೋನೆತ್ತಿದರು. "ತೋರ್ಸಿ ತೋರ್ಸಿ, ಅದಕ್ಕೇ ತಾನೆ ಕೊಟ್ಟಿರೋದು" ಎಂದರು.

"ಫೋಟೋ ಅವರದು ಸರ್. ಅವರ ಬಾಯಲ್ಲೇ ಕೇಳ್ಬೇಕು."

"ಹುಡುಗಿನ್ನ ಏನ್ರೀ ಕೇಳೋದು?" ಎಂದು ಗೊಣಗಿದರೂ ಮಗಳನ್ನು ಕರೆದರು. ಮೇಡಂ ಕೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು. ಉಸಿರಾಟ ಮಾತ್ರ ಕೇಳಿಸುತ್ತಿತ್ತು, ಹಿಂದೆಯೇ "ಹೂಂ ಅನ್ನು, ಹೂಂ ಅನ್ನು" ಎನ್ನುವ ತಂದೆಯ ದನಿ.

ಮೇಡಂ ರಿಸೀವರನ್ನು ಬಾಯಿಗೆ ಹತ್ತಿರ ತಂದು ಮೆಲ್ಲಗೆ ಕೇಳಿದರು. "ಅಪ್ಪ ಪಕ್ಕದಲ್ಲೇ ಇದ್ದಾರಾ ಕಣಮ್ಮ?"

"ಹೂಂ."

"ಹಂಗಾದ್ರೆ ನೀನು ಬೇಡ ಅಂತ ಹೇಳೋದು ಬೇಡ. ತೋರಿಸ್ಬೋದು ಅಂದ್ರೆ ಮಾತ್ರ ಇನ್ನೊಂದ್ಸಲ ಹೂಂ ಅನ್ನು. ಇಲ್ಲಾಂದ್ರೆ ಸುಮ್ನಿರು. ನಾನು ತಿಳ್ಕೋತೀನಿ."

ಕಾದರು. ಬೆರಳಿನಿಂದ ಫೋನಿನ ವೈರನ್ನು ಸುತ್ತುತ್ತ, ಬಿಚ್ಚುತ್ತ ಕಾದರು. ಫೋನಿಡಿ ಎಂದು ಯಜಮಾನರು ಕೈಸನ್ನೆ ಮಾಡಿದರೂ ಕಾದರು. ಆ ಕಡೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಹುಡುಗಿ ಮಾತಾಡಲಿಲ್ಲ.

"ಆಯ್ತು ಕಣಮ್ಮ, ಗೊತ್ತಾಯ್ತು. ಅಪ್ಪಂಗೆ ಕೊಡು," ಎಂದರು. ತಂದೆಗೆ, "ನಮ್ ಕಂಪ್ಯೂಟರ್‌ದೇ ಏನೋ ತೊಂದರೆ ಸರ್, ನಿಮ್ಮ ಮಗಳ ಫೋಟೋ ಸದ್ಯಕ್ಕೆ ಕಾಣಲ್ಲ, ತಪ್ಪು ನಮ್ದು" ಎಂದು ಹೇಳಿ, ಆತ ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು ಫೋನಿಟ್ಟರು.

"ಏನಂದ್ಲು?" ಎಂದರು ಯಜಮಾನರು.

"ಏನೂ ಅನ್ಲಿಲ್ಲ. ಬೇಡ್ವಂತೆ."

"ಏನೂ ಅನ್ನದೋದ್ರೆ ಬೇಡ ಅಂತ ಎಂಗ್ ಬರ್ಕತೀರಿ? ನಮ್ ಕಡೆ ಎಣ್ ನೋಡಕ್ಕೋದಾಗ ಉಡುಗಿ ಸುಮ್ಕಿದ್ರೆ ಒಪ್ಕಂಡ್ಲು ಅಂತಲೇ ಲೆಕ್ಕ."

"ನಮ್ ಕಡೆನೂ ಹಂಗೇ ಸರ್," ಎಂದರು ಮೇಡಂ. "ನನ್ನ ನೋಡಕ್ಕೆ ಬಂದಾಗ ನಮ್ಮಪ್ಪ ಒಳಗೆ ಬಂದು ಕೇಳಿದ್ರು. ಹೊರಗೆ ಎಲ್ಲಾ ಕೂತಿದ್ರು. ನಾನು ಏನೂ ಅನ್ಲಿಲ್ಲ. ಅವ್ರು ಹೋಗಿ, ಹೂಂ ಅಂದ್ಲು ಅಂತ ಹೇಳ್ಬುಟ್ರು."

ಹೇಳಿದವರು ಅಳಲಿಲ್ಲ. ಕೇಳಿದ ನನಗೆ ಕಣ್ಣು ತುಂಬಿ ಪರದೆ ಕಾಣಿಸಲಿಲ್ಲ. ಯಜಮಾನರು ಮೀಸೆಯ ಮೇಲೆ ಕೈಯಾಡಿಸಿದರು. ಆಮೇಲೆ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮುಂದಿನ ಮನೆಯ ನಂಬರನ್ನು ತಾವೇ ಓದಿ ಹೇಳತೊಡಗಿದರು.